ಕಾರಿಗೆ ಎಷ್ಟು ಇಂಚಿನ ಸೈಲೆನ್ಸರ್ ಪೈಪ್ ಬೇಕು? ಅಳೆದು ನೋಡಿ, ಆಮೇಲೆ ಕೊಳ್ಳಿ

ನನ್ನ ಸ್ವಿಫ್ಟ್ ಪೆಟ್ರೋಲ್ ಕಾರಿನ ಹಿಂದಿನ ಸೈಲೆನ್ಸರ್ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ತೂತಾಯಿತು. ಗ್ಯಾರೇಜಿಗೆ ಒಯ್ದೆ. "ಒರಿಜಿನಲ್ ಯಾಕೆ ಸಾರ್? ಅದೇ ದುಡ್ಡಿಗೆ ಎರಡೂವರೆ ಇಂಚಿನ ಪೈಪ್ ಎಳೆದು ಕೊಡ್ತೀನಿ, ಗಾಡಿ ಹಾರುತ್ತೆ" ಅಂದರು. ನಾನು ಹೂಂ ಅಂದೆ. ನಡುವೆ ಇದ್ದ ಚಿಕ್ಕ ಡಬ್ಬವನ್ನೂ ಕತ್ತರಿಸಿ ತೆಗೆದರು. ಊರೊಳಗೆ ಒಂದು ವಾರ ಸದ್ದು ಚೆನ್ನಾಗಿಯೇ ಕೇಳಿಸಿತು. ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತಿದೆವು. ಹೇರ್‌ಪಿನ್ ತಿರುವಿನಲ್ಲಿ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಇಳಿದ ಕೂಡಲೇ ಕಾರು ಸುಸ್ತಾಗುತ್ತಿತ್ತು. ಮೊದಲು ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದ ತಿರುವಿಗೆ ಫಸ್ಟ್ ಬೇಕಾಯಿತು. ವಾಪಸ್ ಬರುವಾಗ ಹೈವೇಯಲ್ಲಿ ಗುಂಯ್ ಎನ್ನುವ ಸದ್ದಿಗೆ ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ ತಲೆನೋವು ಬಂತು. ಮರುವಾರವೇ ಆ ಪೈಪ್ ಬಿಚ್ಚಿಸಿದೆ. ಈ ಸಲ ಅಳತೆ, ಲೆಕ್ಕ ಎಲ್ಲ ನಾನೇ ಮಾಡಿಕೊಂಡು ಹೋದೆ.

ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೈಪ್ ದೊಡ್ಡದಾದಷ್ಟೂ ಒಳ್ಳೆಯದು ಎನ್ನುವ ಮಾತನ್ನು ನಂಬಿ ದುಡ್ಡು ಕಳೆದುಕೊಳ್ಳುವವರು ಈಗಲೂ ತುಂಬಾ ಜನ ಇದ್ದಾರೆ.

ಪೈಪಿನೊಳಗೆ ಏನು ನಡೆಯುತ್ತದೆ?

ಎಂಜಿನ್‌ನಿಂದ ಹೊಗೆ ಒಂದೇ ಸಮನೆ ಹರಿದು ಬರುವುದಿಲ್ಲ. ಒಂದೊಂದು ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಒಂದೊಂದು ಗುದ್ದು ಬರುತ್ತದೆ. ನಾಲ್ಕು ಸಿಲಿಂಡರಿನ ಕಾರು 3,000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 100 ಗುದ್ದು. ಪ್ರತಿ ಗುದ್ದಿನ ಬೆನ್ನಿಗೆ ಒತ್ತಡ ಸ್ವಲ್ಪ ಇಳಿಯುತ್ತದೆ. ಆ ಇಳಿತ ಮುಂದಿನ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳಲು ನೆರವಾಗುತ್ತದೆ. ಹೊಗೆ ವೇಗವಾಗಿ ಓಡುತ್ತಿದ್ದರೆ ಮಾತ್ರ ಈ ಎಳೆತ ಸಿಗುತ್ತದೆ.

ಕಾಲುವೆಯಲ್ಲಿ ಜೋರಾಗಿ ಓಡುವ ನೀರು ಗದ್ದೆಗೆ ಬಿದ್ದ ಕೂಡಲೇ ನಿಧಾನ ಆಗುತ್ತದೆ, ಅಲ್ವಾ? ಚಿಕ್ಕ ಎಂಜಿನ್ನಿಗೆ ದಪ್ಪ ಪೈಪ್ ಹಾಕಿದರೂ ಅಷ್ಟೇ. ಹೊಗೆ ಹರಡಿಕೊಂಡು, ತಣ್ಣಗಾಗಿ, ವೇಗ ಕಳೆದುಕೊಳ್ಳುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಪಿಕಪ್ ಹೋಗುತ್ತದೆ. ನಮ್ಮ ಊರು, ಟ್ರಾಫಿಕ್ಕು, ಘಾಟಿಗಳಲ್ಲಿ ನಾವು ದಿನಾ ಓಡಿಸುವುದು ಆ ಆರ್‌ಪಿಎಂನಲ್ಲೇ.

ಇನ್ನೊಂದು ಮಾತನ್ನೂ ಕೇಳಿರುತ್ತೀರಿ: "ಎಂಜಿನ್ನಿಗೆ ಬ್ಯಾಕ್ ಪ್ರೆಷರ್ ಬೇಕೇ ಬೇಕು." ಇದೂ ಸರಿಯಲ್ಲ. ಹೊಗೆಗೆ ತಡೆ ಬಿದ್ದರೆ ಯಾವ ಎಂಜಿನ್ನಿಗೂ ಲಾಭವಿಲ್ಲ. ಬೇಕಿರುವುದು ವೇಗ. ತಡೆಯೂ ಆಗಬಾರದು, ವೇಗವೂ ಸಾಯಬಾರದು. ಇವೆರಡರ ನಡುವಿನ ಸೈಜ್ ಹುಡುಕುವುದೇ ನಮ್ಮ ಕೆಲಸ.

ಹೆಜ್ಜೆ 1: ಯಾಕೆ ಬದಲಿಸುತ್ತಿದ್ದೀರಿ ಅಂತ ತೀರ್ಮಾನಿಸಿ

ಹಳೆಯದು ತೂತಾಗಿದೆ ಅಷ್ಟೇ ಅಂದರೆ, ಕಂಪನಿಯ ಅಳತೆಯದ್ದನ್ನೇ ತಂದು ಹಾಕಿಸಿ. ಹತ್ತರಲ್ಲಿ ಎಂಟು ಜನರಿಗೆ ನಾನು ಹೇಳುವುದು ಇದನ್ನೇ. ಪವರ್ ಜಾಸ್ತಿ ಆಗಲಿ ಎಂದು ಬದಲಿಸುವವರು ಒಂದು ವಿಷಯ ತಿಳಿದಿರಬೇಕು. ಟರ್ಬೊ (ಹೊಗೆಯ ಬಲದಿಂದ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಚಿಕ್ಕ ಕಾರಿನಲ್ಲಿ ಬರೀ ಹಿಂದಿನ ಪೈಪು, ಸೈಲೆನ್ಸರ್ ಬದಲಿಸಿ ಸಿಗುವುದು ಬಹಳ ಕಡಿಮೆ. 82 ಬಿಎಚ್‌ಪಿ (ಎಂಜಿನ್ನಿನ ಹಾರ್ಸ್‌ಪವರ್) ಕಾರು ಅಷ್ಟಕ್ಕೇ 100 ಆಗುವುದಿಲ್ಲ.

ಹೆಜ್ಜೆ 2: ಈಗ ಇರುವುದನ್ನು ಅಳೆಯಿರಿ

ಕಾರನ್ನು ಪಿಟ್ ಅಥವಾ ರ‍್ಯಾಂಪ್ ಮೇಲೆ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಲೇಬೇಡಿ.

ಒಂದು ವರ್ನಿಯರ್ ಕ್ಯಾಲಿಪರ್, ಅಂದರೆ ಎರಡು ದವಡೆಯ ನಡುವೆ ಹಿಡಿದು ಅಳೆಯುವ ಉಪಕರಣ, ತೆಗೆದುಕೊಳ್ಳಿ. ಟೇಪಿನಲ್ಲಿ ದುಂಡಗಿನ ಪೈಪಿನ ಅಳತೆ ಸರಿಯಾಗಿ ಬರುವುದಿಲ್ಲ. ಮೇಲಿನ ತುಕ್ಕನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ. ನೇರವಾಗಿರುವ ಕಡೆ ಒಮ್ಮೆ, ಬಾಗಿದ ಕಡೆ ಒಮ್ಮೆ ಅಳೆಯಿರಿ. ಎರಡೂ ಕಡೆ ಒಂದೇ ಸಂಖ್ಯೆ ಬರದಿದ್ದರೆ ಆಶ್ಚರ್ಯ ಬೇಡ. ಒತ್ತಿ ಬಗ್ಗಿಸಿದ ಪೈಪು ತಿರುವಿನಲ್ಲಿ ಚಪ್ಪಟೆಯಾಗಿರುತ್ತದೆ. ಪೈಪಿನ ಹೊಟ್ಟೆ ಹಿಸುಕಿದ ಹಾಗೆ ಕಾಣುತ್ತದೆ. ಹೊಗೆಗೆ ಸಿಗುವ ದಾರಿ ಆ ಹಿಸುಕಿದ ಜಾಗದಷ್ಟೇ, ಉಳಿದ ಪೈಪ್ ಎಷ್ಟೇ ದಪ್ಪ ಇದ್ದರೂ ಸರಿ.

ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕ್ಯಾಟಲಿಟಿಕ್ ಕನ್ವರ್ಟರಿನ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬ) ಹಿಂದಿನ ಪೈಪಿನ ಸೈಜ್, ನಡುವಿನ ಡಬ್ಬದ ಉದ್ದ, ಹಿಂದಿನ ಸೈಲೆನ್ಸರಿನ ಉದ್ದ, ಅಗಲ, ಎತ್ತರ, ಪೈಪ್ ಒಳಬರುವ ಬಾಯಿ ನಡುವೆ ಇದೆಯೋ ಪಕ್ಕಕ್ಕಿದೆಯೋ, ಪೈಪನ್ನು ತೂಗುಹಾಕುವ ಹ್ಯಾಂಗರ್ ರಬ್ಬರ್ ಎಲ್ಲೆಲ್ಲಿವೆ, ನೆಲದಿಂದ ಅತಿ ತಗ್ಗಿನ ಜಾಗ ಎಷ್ಟು ಮೇಲಿದೆ. ಕೊನೆಯದು ಬಹಳ ಮುಖ್ಯ. ಹಂಪ್ ಮೇಲೆ ಐದು ಜನ ಕೂತ ಕಾರು ಹಾಯುವಾಗ ಮೊದಲು ಉಜ್ಜುವುದು ಈ ಪೈಪೇ. ಫೋನಿನಲ್ಲಿ ನಾಲ್ಕು ಫೋಟೋ ಕೂಡ ತೆಗೆದಿಟ್ಟುಕೊಳ್ಳಿ. ಬೆಂಗಳೂರಿನವರಾದರೆ ಜೆ.ಸಿ. ರೋಡಿನ ಅಂಗಡಿಯಲ್ಲಿ ನಿಂತು ಬಾಯಲ್ಲಿ ವಿವರಿಸುವುದಕ್ಕಿಂತ ಫೋಟೋ ತೋರಿಸುವುದು ಸುಲಭ.

ಹೆಜ್ಜೆ 3: ಸೈಜಿನ ಲೆಕ್ಕ

ಕಾರು ಟ್ಯೂನ್ ಮಾಡುವವರು ಬಳಸುವ ಒಂದು ಅಂದಾಜು ಲೆಕ್ಕ ಇದೆ. ಒಂದು ಹಾರ್ಸ್‌ಪವರಿಗೆ ಎಕ್ಸಾಸ್ಟ್‌ನಲ್ಲಿ ನಿಮಿಷಕ್ಕೆ 2.2 ಘನ ಅಡಿ ಹರಿವು ಬೇಕು. ನೇರವಾದ ಪೈಪಿನ ಒಳಬಾಯಿಯ ಒಂದು ಚದರ ಇಂಚು ಜಾಗ ನಿಮಿಷಕ್ಕೆ 115 ಘನ ಅಡಿ ಸಾಗಿಸುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ನನ್ನ ಕಾರಿನ ಲೆಕ್ಕ ನೋಡಿ. 1.2 ಲೀಟರ್ ಎಂಜಿನ್, 82 ಬಿಎಚ್‌ಪಿ. 82ನ್ನು 2.2ರಿಂದ ಗುಣಿಸಿದರೆ 180. ಅದನ್ನು 115ರಿಂದ ಭಾಗಿಸಿದರೆ 1.57 ಚದರ ಇಂಚು. ಇಷ್ಟು ಜಾಗ ಇರುವ ದುಂಡು ಪೈಪಿನ ಒಳಗಿನ ಸೈಜ್ ಸುಮಾರು 36 ಮಿಲಿಮೀಟರ್, ಅಂದರೆ ಒಂದೂವರೆ ಇಂಚಿಗಿಂತಲೂ ಕಡಿಮೆ! ನನಗೆ ಹಾಕಿಕೊಟ್ಟಿದ್ದು ಎರಡೂವರೆ.

ಒಂದು ಎಚ್ಚರಿಕೆ. ಅಂಗಡಿಯವರು "ಎರಡು ಇಂಚು" ಅಂದರೆ ಅದು ಪೈಪಿನ ಹೊರಗಿನ ಅಳತೆ. ಹೊಗೆ ಹರಿಯುವುದು ಒಳಗೆ. ಪೈಪಿನ ಗೋಡೆ ಒಂದೂವರೆ ಮಿಲಿಮೀಟರ್ ದಪ್ಪ ಇದ್ದರೆ ಎರಡೂ ಬದಿ ಸೇರಿ 3 ಮಿಲಿಮೀಟರ್ ಕಳೆಯಬೇಕು. ಹಾಗೆ ಕಳೆದು ಲೆಕ್ಕ ಹಾಕಿದರೆ ಒಂದೂವರೆ ಇಂಚಿನ ಪೈಪ್ ಸುಮಾರು 78 ಎಚ್‌ಪಿವರೆಗೆ ಸಾಕಾಗುತ್ತದೆ. ಒಂದೂಮುಕ್ಕಾಲು ಇಂಚಿನದು ಸುಮಾರು 109ರವರೆಗೆ, ಎರಡು ಇಂಚಿನದು 145ರವರೆಗೆ, ಎರಡೂಕಾಲು ಇಂಚಿನದು 187ರವರೆಗೆ. ಎರಡೂವರೆ ಇಂಚಿನ ಪೈಪಿಗೆ ತಕ್ಕ ಕೆಲಸ ಸಿಗುವುದು 230 ಎಚ್‌ಪಿ ಹತ್ತಿರ. ಮೂರು ಇಂಚು ಬೇಕಾಗುವುದು 300 ದಾಟಿದ ಮೇಲೆ.

ಅಂದರೆ ನನ್ನ ಕಾರಿಗೆ ಸರಿಹೋಗುವುದು ಒಂದೂಮುಕ್ಕಾಲು ಇಂಚು. ಅದೇ ಹಾಕಿಸಿದೆ, ಪಿಕಪ್ ವಾಪಸ್ ಬಂತು. ಈ ಪೈಪಿನ ಒಳಜಾಗಕ್ಕಿಂತ ಎರಡೂವರೆ ಇಂಚಿನ ಪೈಪಿನ ಒಳಜಾಗ ಎರಡು ಪಟ್ಟಿಗಿಂತ ಜಾಸ್ತಿ. ಅಷ್ಟು ಜಾಗದಲ್ಲಿ ಅದೇ ಹೊಗೆ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಹೋಗುತ್ತದೆ. ಆಗುಂಬೆಯ ತಿರುವಿನಲ್ಲಿ ನನಗೆ ಸಿಗದೇ ಹೋದದ್ದು ಆ ವೇಗ.

ಲೆಕ್ಕ ಎರಡು ಸೈಜಿನ ನಡುವೆ ಬಂದರೆ? ತಿರುವುಗಳು ಜಾಸ್ತಿ ಇದ್ದರೆ, ಅಥವಾ ಒತ್ತಿ ಬಗ್ಗಿಸಿದ ಪೈಪೇ ಗತಿ ಎಂದಾದರೆ ದೊಡ್ಡದನ್ನು ತೆಗೆದುಕೊಳ್ಳಿ. ಮ್ಯಾಂಡ್ರೆಲ್ ಬೆಂಡ್, ಅಂದರೆ ಒಳಗೆ ಆಸರೆ ಕೊಟ್ಟು ಚಪ್ಪಟೆಯಾಗದ ಹಾಗೆ ಬಗ್ಗಿಸಿದ್ದು ಸಿಕ್ಕರೆ ಚಿಕ್ಕದೇ ಸಾಕು. ಬೆಂಗಳೂರಿನ ಓದುಗರಿಗೆ ಇನ್ನೊಂದು ವಿಷಯ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಪುಸ್ತಕದಲ್ಲಿ ಬರೆದಷ್ಟು ಪವರ್ ಕೊಡುವುದಿಲ್ಲ. ದೊಡ್ಡ ಪೈಪ್ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಟರ್ಬೊ ಕಾರಿಗೆ ಲೆಕ್ಕ ಬೇರೆ. ಅಲ್ಲಿ ಗುದ್ದುಗಳ ಶಕ್ತಿಯನ್ನು ಟರ್ಬೈನ್ ಚಕ್ರವೇ ಬಳಸಿಕೊಂಡುಬಿಡುತ್ತದೆ. ಟರ್ಬೊದ ಹಿಂದೆ ತಡೆ ಕಡಿಮೆ ಇದ್ದಷ್ಟೂ ಚಕ್ರ ಬೇಗ ತಿರುಗುತ್ತದೆ. ಹಾಗಾಗಿ ಲೆಕ್ಕಕ್ಕೆ ಬಂದ ಸೈಜಿಗಿಂತ ಒಂದು ಮೆಟ್ಟಿಲು ಮೇಲೆ ಹೋದರೆ ತಪ್ಪಿಲ್ಲ. 110 ಎಚ್‌ಪಿಯ ಟರ್ಬೊ ಪೆಟ್ರೋಲಿಗೆ ಎರಡು ಇಂಚು ಆರಾಮ. ಅದಕ್ಕಿಂತ ದೊಡ್ಡದು ಬೇಕಾಗುವುದು ಟ್ಯೂನ್ ಮಾಡಿಸಿ ಪವರ್ ಏರಿಸಿದಾಗ ಮಾತ್ರ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಕಾರಿನವರು ಈ ಕೆಲಸಕ್ಕೇ ಕೈ ಹಾಕಬೇಡಿ. ಕಂಪನಿಯದ್ದೇ ಇರಲಿ.

ಹೆಜ್ಜೆ 4: ಸೈಲೆನ್ಸರ್ ಡಬ್ಬದ ಆಯ್ಕೆ

ತೂತಾದ ನನ್ನ ಹಳೆ ಸೈಲೆನ್ಸರನ್ನು ಗ್ರೈಂಡರಿನಲ್ಲಿ ಉದ್ದಕ್ಕೆ ಸೀಳಿಸಿ ನೋಡಿದ್ದೆ. ಒಳಗೆ ಮೂರು ಕೋಣೆ. ನಡುವೆ ಅಡ್ಡ ತಗಡು. ತಗಡು ದಾಟುವ ಪೈಪುಗಳ ಮೈ ತುಂಬಾ ಜರಡಿಯ ಹಾಗೆ ತೂತು. ಹೊಗೆ ಒಂದು ಕೋಣೆಗೆ ಬಂದು, ತಿರುಗಿ, ಇನ್ನೊಂದಕ್ಕೆ ಹೋಗಿ, ಆಮೇಲೆ ಹೊರಗೆ. ಸದ್ದಿನ ಅಲೆಗಳು ಗೋಡೆಗೆ ಬಡಿದು ಒಂದನ್ನೊಂದು ಕೊಲ್ಲಲಿ ಅಂತ ಈ ಏರ್ಪಾಡು. ತಳದಲ್ಲಿ ಒಂದು ಹಿಡಿ ಕೆಂಪು ಪುಡಿ ಬಿದ್ದಿತ್ತು. ಬೆರಳಿಗೆ ಕಾಫಿ ಪುಡಿಯ ಹಾಗೆ ಹತ್ತಿತು, ಅಷ್ಟೂ ತುಕ್ಕು. ಒಂದು ಅಡ್ಡ ತಗಡು ಬಿಟ್ಟುಕೊಂಡು ಅಲ್ಲಾಡುತ್ತಿತ್ತು. ತಿಂಗಳುಗಟ್ಟಲೆ ಕೇಳುತ್ತಿದ್ದ ಕಟಕಟ ಎಲ್ಲಿಂದ ಅಂತ ಆಗ ಗೊತ್ತಾಯಿತು.

ಈ ಕೋಣೆಯ ಮಾದರಿ ಎಲ್ಲಕ್ಕಿಂತ ಸದ್ದು ಕಡಿಮೆ. ಹೊಗೆಗೆ ತಡೆ ಸ್ವಲ್ಪ ಜಾಸ್ತಿ. ಮನೆಮಂದಿ ಓಡಾಡುವ ಕಾರಿಗೆ ಇದೇ ಸರಿ.

ಎರಡನೆಯದು ಸ್ಟ್ರೇಟ್ ಥ್ರೂ. ತೂತು ಕೊರೆದ ಒಂದು ನೇರ ಪೈಪ್, ಅದರ ಸುತ್ತ ಗ್ಲಾಸ್ ವೂಲ್ ಅಥವಾ ಸ್ಟೀಲ್ ವೂಲ್, ಮೇಲೆ ಡಬ್ಬ. ತಡೆ ಇಲ್ಲವೇ ಇಲ್ಲ ಅನ್ನಬಹುದು. ಕೀರಲು ಸದ್ದನ್ನು ಚೆನ್ನಾಗಿ ಹೀರುತ್ತದೆ. ದಪ್ಪ ಸದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. ವರ್ಷ ಕಳೆದಂತೆ ವೂಲ್ ಸುಟ್ಟು, ಉದುರಿ ಹೋಗುತ್ತದೆ. ಆಗ ಅದು ಬರೀ ಡಬ್ಬ. ಕೊಳ್ಳುವುದೇ ಆದರೆ ಬಿಚ್ಚಿ ವೂಲ್ ಮತ್ತೆ ತುಂಬಬಹುದಾದ ಮಾದರಿ ಕೇಳಿ. ಒಳಗಿನ ಪೈಪ್ ನಿಮ್ಮ ಪೈಪಿನ ಸೈಜಿನದ್ದೇ ಇದೆಯಾ ಅಂತ ಬಾಯಿಯಲ್ಲಿ ವರ್ನಿಯರ್ ಇಟ್ಟು ನೋಡಿ. ಹೊರಬಾಯಿ ನಾಲ್ಕು ಇಂಚು ಇದ್ದು ಒಳಗಿನ ಪೈಪ್ ಒಂದೂವರೆ ಇಂಚೇ ಇರುವುದು ಉಂಟು. ತುದಿಯ ಹೊಳೆಯುವ ಟಿಪ್ಪಿಗೂ ಹೊಗೆಯ ಹರಿವಿಗೂ ಸಂಬಂಧ ಇಲ್ಲ.

ಯಾವ ಮಾದರಿಯೇ ಆಗಲಿ, ಜಾಗ ಇದ್ದಷ್ಟು ದೊಡ್ಡ ಡಬ್ಬ ಹಾಕಿಸಿ. ಡಬ್ಬ ದೊಡ್ಡದಾದಷ್ಟೂ ಸದ್ದು ಮೆತ್ತಗೆ. ಪೈಪಿನಲ್ಲಿ ಜಿಪುಣತನ ಒಳ್ಳೆಯದು, ಡಬ್ಬದಲ್ಲಿ ಧಾರಾಳ ಒಳ್ಳೆಯದು.

ನಡುವಿನ ಚಿಕ್ಕ ಡಬ್ಬ, ಅಂದರೆ ರೆಸೊನೇಟರ್, ಅದನ್ನು ಮಾತ್ರ ತೆಗೆಸಬೇಡಿ. "ಅದು ಸುಮ್ನೆ ಭಾರ ಸಾರ್" ಅನ್ನುತ್ತಾರೆ. ಸುಮ್ನೆ ಅಲ್ಲ. ಕಾರಿನೊಳಗೆ ಗುಂಯ್‌ಗುಡುವ ಒಂದು ನಿರ್ದಿಷ್ಟ ಸದ್ದನ್ನು ಸಾಯಿಸಲೆಂದೇ ಅದನ್ನು ಇಟ್ಟಿರುತ್ತಾರೆ.

ಹೆಜ್ಜೆ 5: ಗುಂಯ್ ಸದ್ದು ಬಂದೇಬಿಟ್ಟರೆ

ನನ್ನ ಕಾರಿನಲ್ಲಿ ಅದು ಬರುತ್ತಿದ್ದದ್ದು 3,000 ಆರ್‌ಪಿಎಂ ಹತ್ತಿರ. ಸೆಕೆಂಡಿಗೆ 100 ಗುದ್ದು, ಅಂದರೆ 100 ಹರ್ಟ್ಸ್. ಇದಕ್ಕೆ ಚಂದದ ಒಂದು ಪರಿಹಾರ ಇದೆ. ಮುಖ್ಯ ಪೈಪಿಗೆ ಪಕ್ಕದಲ್ಲಿ ಒಂದು ಕವಲು ಬೆಸೆದು, ಅದರ ತುದಿ ಮುಚ್ಚಿಬಿಡುವುದು. ಜೆ ಪೈಪ್ ಅನ್ನುತ್ತಾರೆ. ಸದ್ದಿನ ಅಲೆ ಕವಲಿನೊಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು ವಾಪಸ್ ಬರುವಷ್ಟರಲ್ಲಿ ಉಲ್ಟಾ ಆಗಿರುತ್ತದೆ. ಬರುತ್ತಿರುವ ಅಲೆಯನ್ನು ಅದೇ ಅಳಿಸಿಹಾಕುತ್ತದೆ.

ಕವಲಿನ ಉದ್ದ ಸರಿ ಇರಬೇಕು. ಸುಮಾರು 200 ಡಿಗ್ರಿ ಬಿಸಿಯ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 436 ಮೀಟರ್ ಓಡುತ್ತದೆ. ಅದನ್ನು ಹರ್ಟ್ಸ್‌ನ ನಾಲ್ಕು ಪಟ್ಟಿನಿಂದ ಭಾಗಿಸಿ. 436ನ್ನು 400ರಿಂದ ಭಾಗಿಸಿದರೆ ಸುಮಾರು 1.09 ಮೀಟರ್. ಮೂರು ಸಿಲಿಂಡರಿನ ಕಾರಾದರೆ 3,000 ಆರ್‌ಪಿಎಂನಲ್ಲಿ ಗುದ್ದು 75 ಮಾತ್ರ, ಹಾಗಾಗಿ ಕವಲು ಸುಮಾರು 1.45 ಮೀಟರ್ ಬೇಕು. ಚಿಕ್ಕ ಕಾರಿನ ಕೆಳಗೆ ಇಷ್ಟು ಉದ್ದಕ್ಕೆ ಜಾಗ ಹುಡುಕುವುದು ಕಷ್ಟ. ನಾನು ಕೊನೆಗೆ ಹಳೆಯ ಅಳತೆಯ ರೆಸೊನೇಟರನ್ನೇ ವಾಪಸ್ ಹಾಕಿಸಿದೆ. ಸದ್ದು ನಿಂತಿತು.

ಯಾವ ಲೋಹ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿದರೆ ಆವಿಯಾಗಿ ಹೋಗುತ್ತದೆ. ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲಿ ಡಬ್ಬದ ತಳದಲ್ಲೇ ನಿಲ್ಲುತ್ತದೆ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ. ಡಬ್ಬದ ಅತಿ ತಗ್ಗಿನಲ್ಲಿ ಒಂದು ಸಣ್ಣ ತೂತು ಇರುತ್ತದೆ, ನೀರು ಬಸಿಯಲಿ ಅಂತ. ಲೀಕ್ ಅಂದುಕೊಂಡು ಅದನ್ನು ಮುಚ್ಚಿಸಬೇಡಿ.

ಸಾದಾ ಕಬ್ಬಿಣ ಅಗ್ಗ, ಬೇಗ ಹೋಗುತ್ತದೆ. ಕಾರು ಕಂಪನಿಗಳು ಹೆಚ್ಚಾಗಿ ಬಳಸುವ 409 ಗ್ರೇಡಿನ ಸ್ಟೇನ್‌ಲೆಸ್ ಮೇಲ್ಮೈಯಲ್ಲಿ ಕಂದು ಬಣ್ಣಕ್ಕೆ ತಿರುಗಿದರೂ ಬೇಗ ತೂತಾಗುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಗೆ 304 ಗ್ರೇಡ್ ಒಳ್ಳೆಯದು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ಅಂಟಲಿಲ್ಲ, ಇದು 304" ಅಂದರೆ ನಂಬಬೇಡಿ. ಅಗ್ಗದ 202 ಕೂಡ ಅಂಟುವುದಿಲ್ಲ. ಇತ್ತ 409 ಅಂಟುತ್ತದೆ, ಆದರೂ ಅದು ಸ್ಟೇನ್‌ಲೆಸ್ಸೇ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ದಂಡವೂ ಜೋರಾಗಿದೆ. ಶಬ್ದ ಅಥವಾ ಹೊಗೆಯ ಮಿತಿ ಮೀರಿದರೆ 190ನೇ ಸೆಕ್ಷನ್ನಿನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೂರು ತಿಂಗಳು ಲೈಸೆನ್ಸ್ ಕೂಡ ಹೋಗುತ್ತದೆ.

ಹೊಸ ಕಾರಿನ ಮಾದರಿಗೆ ಒಪ್ಪಿಗೆ ಕೊಡುವಾಗ ಓಡುವ ಕಾರಿನಿಂದ 7.5 ಮೀಟರ್ ದೂರದಲ್ಲಿ ಸದ್ದು ಅಳೆಯುತ್ತಾರೆ. 2005ರಿಂದ ಪ್ಯಾಸೆಂಜರ್ ಕಾರಿಗೆ ಇದ್ದ ಮಿತಿ 74 ಡೆಸಿಬಲ್. ಡೆಸಿಬಲ್ ಹತ್ತು ಏರಿದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಅನಿಸುತ್ತದೆ. ಪಕ್ಕದ ಮನೆಯಲ್ಲಿ ಮಗು ಮಲಗಿರುತ್ತದೆ, ಎದುರು ಮನೆಯಲ್ಲಿ ವಯಸ್ಸಾದವರು ಇರುತ್ತಾರೆ. ನನಗೆ ದಂಡಕ್ಕಿಂತ ಇದೇ ದೊಡ್ಡ ಕಾರಣ.

ಕ್ಯಾಟಲಿಟಿಕ್ ಕನ್ವರ್ಟರನ್ನು ಕತ್ತರಿಸಿ ಮಾರುವ, ಖಾಲಿ ಪೈಪ್ ಹಾಕುವ ಮಾತು ಯಾರಾದರೂ ಆಡಿದರೆ ಅಲ್ಲಿಂದ ಕಾರು ತೆಗೆದುಕೊಂಡು ಹೊರಡಿ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಬೆಲೆಬಾಳುವ ಲೋಹಗಳು. ಅದಿಲ್ಲದಿದ್ದರೆ ಚೆಕ್ ಎಂಜಿನ್ ಲೈಟ್ ಉರಿಯುತ್ತದೆ, ಎಮಿಷನ್ ಟೆಸ್ಟ್ ಪಾಸಾಗುವುದು ಕಷ್ಟ, ವಿಷದ ಹೊಗೆ ನೇರ ಬೀದಿಗೆ ಬರುತ್ತದೆ. ನೀವು ಮುಟ್ಟಬೇಕಾದ್ದು ಕ್ಯಾಟ್‌ನ ಹಿಂದಿನ ಭಾಗ ಮಾತ್ರ.

ಹಾಕಿಸುವ ದಿನ

ಜೊತೆಗೇ ನಿಂತಿರಿ. ಕಾರಿನ ಮೇಲೆ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಬಿಚ್ಚಿಸಿ, ಇಲ್ಲದಿದ್ದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೆಡುವ ಅಪಾಯ ಇದೆ. ಆಕ್ಸಿಜನ್ ಸೆನ್ಸರಿನ ವೈರ್ ಪೈಪಿಗೆ ತಾಗದ ಹಾಗೆ ನೋಡಿಕೊಳ್ಳಿ. ಹಳೆ ಗ್ಯಾಸ್ಕೆಟ್ ಮತ್ತೆ ಹಾಕಿಸಬೇಡಿ. ಹ್ಯಾಂಗರ್ ರಬ್ಬರ್ ಬಿರುಕು ಬಿಟ್ಟಿದ್ದರೆ ಈಗಲೇ ಬದಲಿಸಿ. ಪೈಪನ್ನು ಬಾಡಿಗೆ ಗಟ್ಟಿಯಾಗಿ ಬೆಸೆಯಬಾರದು. ಬಿಸಿಗೆ ಉದ್ದವಾಗುವ, ಎಂಜಿನ್ ಜೊತೆ ಅಲ್ಲಾಡುವ ವಸ್ತು ಅದು, ತೂಗಾಡಿಕೊಂಡೇ ಇರಬೇಕು. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್, ಬಂಪರ್ ಇವುಗಳಿಂದ ಕನಿಷ್ಠ ಒಂದು ಇಂಚು ದೂರ ಇರಲಿ. ಹೀಟ್ ಶೀಲ್ಡ್ ತಗಡು ಬಿಚ್ಚಿದ್ದರೆ ಅದು ವಾಪಸ್ ಬಂತಾ ಅಂತ ನೋಡಿ.

ಪೈಪಿನ ತುದಿ ಬಂಪರ್ ದಾಟಿ ಸ್ವಲ್ಪ ಹೊರಗೇ ಇರಬೇಕು. ಕಾರಿನ ಕೆಳಗೇ ಮುಗಿದರೆ ಹೊಗೆ ಒಳಗೆ ಸೇರುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಎಸಿ ಹಾಕಿ ಕಾರಿನಲ್ಲೇ ನಿದ್ದೆ ಮಾಡುವ ಅಭ್ಯಾಸ ಇರುವವರ ಜೀವಕ್ಕೇ ಅಪಾಯ.

ಲೀಕ್ ನೋಡುವುದು ಸುಲಭ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಬಯಲಿನಲ್ಲಿ ಒಬ್ಬರು ದಪ್ಪ ಬಟ್ಟೆಯಿಂದ ಪೈಪಿನ ತುದಿಯನ್ನು ಒಂದೆರಡು ಸೆಕೆಂಡ್ ಒತ್ತಿ ಹಿಡಿಯಲಿ. ಬೆಸೆದ ಕಡೆ ಚುಸ್ ಚುಸ್ ಕೇಳಿದರೆ ಅಲ್ಲಿ ಲೀಕ್ ಇದೆ. ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ.

ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ನಿಮ್ಮ ಬೀದಿಯ ಅತಿ ಕೆಟ್ಟ ಹಂಪ್ ಮೇಲೆ ನಿಧಾನವಾಗಿ ಹೋಗಿ ಬನ್ನಿ. ಕೆಳಗೆ ಉಜ್ಜಿದರೆ ಅವತ್ತೇ ಹ್ಯಾಂಗರ್ ಏರಿಸಿ ಕೊಡಲು ಕೇಳಿ. 500 ಕಿಲೋಮೀಟರ್ ಓಡಿದ ಮೇಲೆ ನಟ್ಟು, ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಬಿಚ್ಚಿದ ಹಳೆ ಸೈಲೆನ್ಸರ್ ಇನ್ನೂ ಗಟ್ಟಿ ಇದ್ದರೆ ಗುಜರಿಗೆ ಹಾಕಬೇಡಿ. ಕಾರು ಮಾರುವ ದಿನ ಅದೇ ಬೇಕಾಗುತ್ತದೆ.